ಹಾಡಿನ ಹಿಂದಿನ ರಾಟೆ

ಒಡಹುಟ್ಟಿದವರನ್ನು ಹೊಗಳುವುದು ಕಷ್ಟವಲ್ಲ. ಏನನ್ನು ಹೊಗಳಿದೆ ಎಂದು ಅವರು ವಿಚಾರಿಸಬಾರದು, ಅಷ್ಟೆ. ನನ್ನ ತಮ್ಮ ಸಿರಿಲ್ ವಿಚಾರಿಸಿಬಿಟ್ಟ. ಅಲ್ಲಿಂದ ನನ್ನ ಮರ್ಯಾದೆ ಹೋಯಿತು.

ಸಿರಿಲ್ ಕಂಟ್ರಿ ಸಿಂಗರ್, ಅಮೆರಿಕದ ಕೌಬಾಯ್ ಹಾಡುಗಳ ಜಾತಿ. ಗಿಟಾರ್ ಹಿಡಿದು, ಅಗಲ ಅಂಚಿನ ಟೊಪ್ಪಿ ಹಾಕಿ ಕೊಂಕಣಿಯಲ್ಲಿ ಹಾಡುತ್ತಾನೆ. ಕುದುರೆಯ ಜಾಗದಲ್ಲಿ ಹಳೆಯ ಸ್ಕೂಟರ್ ಇದೆ. ನಮ್ಮ ಕರಾವಳಿಯಲ್ಲಿ ಕಂಟ್ರಿ ಎಂದರೆ ನಾಟಿ ಸಾರಾಯಿ. "ನನ್ನ ಮಗ ಈಗ ಪೂರಾ ಕಂಟ್ರಿಗೆ ಇಳಿದಿದ್ದಾನೆ" ಎಂದು ಅಮ್ಮ ಹೆಮ್ಮೆಯಿಂದ ಹೇಳಿದ್ದೇ ತಡ, ಇಗರ್ಜಿಯ ಪಾದ್ರಿಗಳು ಮನೆಗೇ ಬಂದು ಅವನ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥನೆ ಮಾಡಿ ಹೋದರು. ನಾನಿರುವ ದುಬೈಯಲ್ಲೂ ಅದೇ ಕಥೆ. ಇಲ್ಲಿನ ಅಲ್ ಮುರಕ್ಕಬಾತ್ ಬಡಾವಣೆಯಲ್ಲಿ ನಾವು ಕೆಲವು ಹೆಂಗಸರು ಸೇರಿ ಒಂದು ರೂಮಿನಲ್ಲಿದ್ದೇವೆ. ಪಕ್ಕದ ಮಂಚದ ಗುಲಾಬಿ ಉಡುಪಿ ಕಡೆಯವಳು. ವಿಷಯ ಕೇಳಿದವಳೇ, "ಕಂಟ್ರಿಯಾ? ಮೊದಲೇ ಹೇಳ್ಬಾರ್ದಾ ಮಾರಾಯ್ತಿ, ಗ್ಲಾಸು ತೊಳೆದಿಡ್ತಿದ್ದೆ" ಅಂದಳು.

ನಾನು ಏಳನೆಯವರೆಗೆ ಓದಿದವಳು, ಹೋಟೆಲೊಂದರ ಲಾಂಡ್ರಿಯಲ್ಲಿ ಕೆಲಸ. ಸಂಗೀತ ನನಗೆ ತಿಳಿಯದು. ಇಲ್ಲಿನ ನೈಫ್ ಪೇಟೆಯ ಅಂಗಡಿಯಲ್ಲಿ ಚೌಕಾಸಿ ಮಾಡಿ ಕೊಂಡು ಕಳಿಸಿದ ಆ ಟೊಪ್ಪಿಯೇ ತಮ್ಮನ ಕಲೆಗೆ ನನ್ನ ಕೊಡುಗೆ. ಅವನು ಮೊದಲು ಇಗರ್ಜಿಯ ಗಾಯನ ತಂಡದಲ್ಲಿದ್ದ. ಆಮೇಲೆ ಮದುವೆಯ ಹಿಂದಿನ ದಿನ ತೆಂಗಿನ ಹಾಲು ಹಚ್ಚುವ ರೋಸಿನ ಮನೆಗಳಲ್ಲಿ ಹಾಡತೊಡಗಿದ. ಮೊದಲ ಮೂರು ಆಲ್ಬಮ್ಮುಗಳನ್ನು ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ, ಕಿಟಕಿಗೆ ಹಾಸಿಗೆ ಒರಗಿಸಿ, ಫೋನಿನಲ್ಲೇ ರೆಕಾರ್ಡ್ ಮಾಡಿದ. ಪ್ರತಿಯೊಂದನ್ನೂ ಮೊದಲು ನನಗೆ ಕಳಿಸುತ್ತಿದ್ದ. "ಬಾಯಿ, ನೀನು ಓಕೆ ಅಂದ್ರೆ ಮಾತ್ರ ಊರಿಗೆ ಬಿಡುವುದು." ನಮ್ಮಲ್ಲಿ ಅಕ್ಕನಿಗೆ ಬಾಯಿ ಎನ್ನುತ್ತಾರೆ. ಕನ್ನಡದವರು ಕೇಳಿ ನಗುತ್ತಾರೆ. ನನ್ನ ಬಾಯಿಯನ್ನು ಬಲ್ಲವರು ನಗುವುದಿಲ್ಲ.

ಈಗ ತಪ್ಪೊಪ್ಪಿಗೆ. ಆ ಮೂರು ಆಲ್ಬಮ್ಮುಗಳನ್ನು ನಾನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ, ಆದರೆ ಒಂದು ಹಾಡನ್ನೂ ಕೇಳಿಲ್ಲ. ಕೇಳಿದ್ದು ಹಾಡಿನ ಹಿಂದಿನ ಸದ್ದನ್ನು. ಸಿರಿಲ್ ಉಸಿರು ತೆಗೆದುಕೊಳ್ಳುವ ಸಂದಿನಲ್ಲಿ ಬಾವಿಯ ರಾಟೆ ಕಿರ್ರ್ ಅನ್ನುತ್ತದೆ. ಅಮ್ಮ ನೀರು ಸೇದುತ್ತಿದ್ದಾಳೆ. ಕೊಡವನ್ನು ಕಲ್ಲಿನ ಮೇಲೆ ಇಟ್ಟದ್ದೂ ಕೇಳುತ್ತದೆ. ಇನ್ನೊಂದರಲ್ಲಿ ನಾಯಿ ಟೈಗರ್ ಬೊಗಳುತ್ತದೆ, ಅಮ್ಮ ಅದಕ್ಕೆ, "ಅವನದ್ದು ಮುಗೀಲಿ, ಆಮೇಲೆ ನೀನು ಹಾಡು" ಎನ್ನುತ್ತಾಳೆ. ಡ್ಯೂಟಿ ಬಸ್ಸಿನಲ್ಲಿ ಕಿವಿಗೆ ಸಿಕ್ಕಿಸಿಕೊಂಡು ಕಣ್ಣು ಮುಚ್ಚಿದರೆ ನಾನು ಅಂಗಳದಲ್ಲಿರುತ್ತಿದ್ದೆ. ನಡುವೆ ತಮ್ಮ ದೊಡ್ಡ ಸ್ವರ ತೆಗೆದಾಗ ಸಿಟ್ಟು ಬರುತ್ತಿತ್ತು, ಸುಮ್ಮನಿರಬಾರದೇ ಇವನು ಎಂದು. ಹೆದ್ದಾರಿ ಅಗಲವಾಗುವಾಗ ಆ ಮನೆ, ಬಾವಿ ಎರಡೂ ಹೋದವು. ಈಗ ಅವರಿರುವುದು ಫ್ಲ್ಯಾಟಿನಲ್ಲಿ. ಅಮ್ಮ ನಲ್ಲಿ ತಿರುಗಿಸುತ್ತಾಳೆ, ಟೈಗರ್ ಇಲ್ಲ.

ಮೊನ್ನೆ ನಾಲ್ಕನೆಯ ಆಲ್ಬಮ್ ಬಂತು. ನಿಜವಾದ ಸ್ಟುಡಿಯೋದಲ್ಲಿ ಮಾಡಿದ್ದು. ಕಿವಿಗೆ ಹಾಕಿದೆ. ಗಿಟಾರ್, ಸಿರಿಲ್, ಮತ್ತೆ ಸಿರಿಲ್. ಬೇರೆ ಯಾರೂ ಮನೆಯಲ್ಲಿಲ್ಲ.

"ಹೇಗುಂಟು ಬಾಯಿ?" ಅಂತ ಫೋನ್ ಮಾಡಿದ.

"ಸೂಪರ್ ಆಗಿದೆ ಪುತಾ." ತಮ್ಮನನ್ನು ನಾನು ಮಗನೇ ಎಂದೇ ಕರೆಯುವುದು.

"ಎಂತ ಸೂಪರ್?"

"ಎಲ್ಲ."

"ಒಂದು ಸೊಳ್ಳೆಯ ಸದ್ದಾದರೂ ಉಂಟಾ ಹೇಳು! ಹಳೆಯ ಮೂರನ್ನೂ ಈ ಸ್ಟುಡಿಯೋದವರ ಹತ್ರ ಕೊಡ್ತೇನೆ. ಕಸವೆಲ್ಲ ತೊಳೆದು ಕ್ಲೀನ್ ಮಾಡ್ತಾರಂತೆ."

ದಿನವಿಡೀ ತೊಳೆಯುವುದೇ ನನ್ನ ಕೆಲಸ. ಆ ಶಬ್ದಕ್ಕೆ ಜೀವಮಾನದಲ್ಲಿ ಮೊದಲ ಸಲ ಹೆದರಿದೆ. "ತೊಳೆದರೆ ಜಾಗ್ರತೆ! ರಾಟೆ ಹೋಗುತ್ತದೆ, ಟೈಗರ್ ಹೋಗುತ್ತದೆ! ನಾನು ಇನ್ನೇನು ಕೇಳಬೇಕು?"

ಅವನು ಮೆಲ್ಲಗೆ, "ಮತ್ತೆ ನನ್ನ ಹಾಡು?" ಅಂದ. ಅಂದವನೇ ಫೋನ್ ಇಟ್ಟ.

ಮುಂದೆ ಅವನ ಕಡೆಯಿಂದ ಗುಡ್ ಮಾರ್ನಿಂಗ್ ಚಿತ್ರ ಕೂಡ ಬರಲಿಲ್ಲ. ಗುಲಾಬಿ ಸಮಾಧಾನ ಹೇಳುವ ಪೈಕಿಯಲ್ಲ. "ನಿಂಗೆ ಬಾಯಿ ಅಂತ ಹೆಸರಿಟ್ಟವರು ಕಿವಿ ಕೊಡ್ಲಿಕ್ಕೆ ಮರೆತಿದ್ದಾರೆ" ಅಂದಳು. ಅವಳ ಮೇಲಿನ ಸಿಟ್ಟಿನಲ್ಲೇ ಆಲ್ಬಮನ್ನು ಮತ್ತೆ ಹಾಕಿ, ಈ ಸಲ ಹಾಡು ಕೇಳಿದೆ. ಟೊಪ್ಪಿಯ ಒಳಗೆ ಬೆವರುತ್ತಾ, ವಧುವಿನ ಮನೆಯವರ ಗಲಾಟೆಯ ನಡುವೆ ಹಾಡುವವನೊಬ್ಬನ ಹಾಡು ಅದರಲ್ಲಿದೆ. ಒಬ್ಬರಾದರೂ ತಿರುಗಿ ನೋಡಲಿ ಎಂದು ಕಾಯುತ್ತಾನೆ. ನನ್ನ ತಮ್ಮ ಬಹಳ ಚೆನ್ನಾಗಿ ಹಾಡುತ್ತಾನೆ. ಇದು ಊರಿಗೆಲ್ಲ ಗೊತ್ತಿತ್ತಂತೆ.

ಇದನ್ನು ಅವನಿಗೆ ಸರಿಯಾಗಿ ಹೇಳಬೇಕಿತ್ತು. ರೂಮಿನಲ್ಲಿ ಒಬ್ಬಳು ಮೀನು ಕಾಯಿಸುತ್ತಾಳೆ, ಒಬ್ಬಳು ಗಂಡನಿಗೆ ಬೈಯುತ್ತಾಳೆ. ಅದಕ್ಕೆ ಹೋಟೆಲಿನಲ್ಲಿ ಚಾದರಗಳನ್ನಿಡುವ ಕೋಣೆಗೆ ಹೋಗಿ ಬಾಗಿಲು ಹಾಕಿದೆ. ಮಡಚಿಟ್ಟ ಬಟ್ಟೆಗಳ ನಡುವೆ ಉಸಿರೂ ಕೇಳಿಸದು. ಒಂದೊಂದೇ ಹಾಡಿನ ಹೆಸರು ಹೇಳಿ, ಸಾಲು ಹೇಳಿ, ಮನಸ್ಸಿನಿಂದ ಹೊಗಳಿ ವಾಯ್ಸ್ ಮೆಸೇಜ್ ಕಳಿಸಿದೆ.

ತಕ್ಷಣ ಫೋನ್ ಬಂತು. "ಬಾಯಿ, ಎಲ್ಲಿದ್ದೀ ನೀನು? ಹಿಂದೆ ಒಂದು ಸದ್ದೂ ಇಲ್ಲ! ಯಾವಾಗಲೂ ಕೇಳುವ ಗುಲಾಬಿಯಕ್ಕ ಇಲ್ಲ, ಮೀನಿನ ಚುಂಯ್ ಇಲ್ಲ. ಆಸ್ಪತ್ರೆಯಲ್ಲಿ ಮಲಗಿದ್ದೀಯಾ? ಹಳೆಯದ್ದನ್ನು ನಾನು ಮುಟ್ಟಲಿಲ್ಲ, ಆಯ್ತಾ? ಎಂತಾಯ್ತು ಹೇಳು."

"ಏನೂ ಆಗಿಲ್ಲ. ನಾನು ಹೇಳಿದ್ದು ಕೇಳಿದೆಯಾ?"

"ಎಂತ ಹೇಳಿದಿ?"

ಮೊದಲಿನಿಂದ ಶುರು ಮಾಡಿದೆ. ಎರಡನೆಯ ಹಾಡಿಗೆ ಬರುವಷ್ಟರಲ್ಲಿ ಸೂಪರ್‌ವೈಸರ್ ಬಾಗಿಲು ಬಡಿದು, "ಯಲ್ಲಾ, ಯಲ್ಲಾ! ಬೇಗ ಹೊರಗೆ ಬಾ! ಒಳಗೆ ಯಾರು?" ಎಂದು ಕೂಗಿದ.

"ಹಾಂ," ಅಂದ ತಮ್ಮ, ನೆಮ್ಮದಿಯಿಂದ. "ಈಗ ಚಂದ ಕೇಳ್ತಾ ಉಂಟು."