ಜಲ್ಲಿ ರಸ್ತೆಯಲ್ಲಿ ಮಾತ್ರೆ ಮಾಮ

ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ಕಾಂಪೌಂಡ್ ಗೋಡೆಯ ಮೇಲಿಂದ ನಾಲಿಗೆ ಚಾಚಿದ್ದೇ ಎಲ್ಲ ಅವಾಂತರಕ್ಕೂ ಕಾರಣ.

ಭಾನುವಾರ. ಬೆಳಕು ಇನ್ನೂ ಪೂರ್ತಿ ಹರಿದಿರಲಿಲ್ಲ. ಬ್ರಷ್ಷನ್ನು ಬಾಯಲ್ಲಿಟ್ಟುಕೊಂಡೇ ಹಿತ್ತಿಲಿಗೆ ಬಂದ ಮಾತ್ರೆ ಮಾಮನಿಗೆ ಮೊದಲು ಕಂಡದ್ದು ಆ ನಾಲಿಗೆ.

“ಸ್ವಲ್ಪ ನೋಡಿ ಹೇಳಿ. ಬೆಳ್ಳಗಾಗಿದೆ ಅಲ್ವಾ?” ಎಂದರು ಮೇಷ್ಟ್ರು.

ಬಡಾವಣೆಗೆಲ್ಲ ಒಂದೇ ಔಷಧಿ ಅಂಗಡಿ; ಅದು ಅವನದು. ಅವನ ನಿಜವಾದ ಹೆಸರು ಅಂಗಡಿಯ ಲೈಸೆನ್ಸಿನ ಮೇಲೆ ಮಾತ್ರ ಉಳಿದಿತ್ತು. ಹಾಲಿನವನಿಂದ ಹಿಡಿದು ಹೆಂಡತಿಯ ತವರೂರಿನವರ ತನಕ ಎಲ್ಲರಿಗೂ ಅವನು ಮಾತ್ರೆ ಮಾಮ. ವಾರವಿಡೀ ಕೌಂಟರಿನ ಹಿಂದೆ ನಿಂತು ಜನರ ಕೆಮ್ಮು, ಅಜೀರ್ಣ, ಮೂಲವ್ಯಾಧಿಗಳ ಕತೆ ಕೇಳುವುದಕ್ಕೆ ಅವನ ತಕರಾರಿರಲಿಲ್ಲ. ಅದು ಕಸುಬು. ಆದರೆ ರಜೆಯ ದಿನ ಕ್ಷೌರದ ಕುರ್ಚಿಯಲ್ಲಿ ಕೂತಿದ್ದಾಗಲೂ ಪಕ್ಕದವರು ಅಂಗಿ ಎತ್ತಿ ಹೊಟ್ಟೆಯ ಮೇಲಿನ ಗುಳ್ಳೆ ತೋರಿಸಿದರೆ? ಯಾರೂ ಏನೂ ಕೇಳದ ಒಂದೇ ಒಂದು ಬೆಳಗು ಬೇಕಾಗಿತ್ತು ಅವನಿಗೆ. ಅಷ್ಟೇ.

“ಭಾವ, ನನ್ನ ಸೈಕಲ್ ತಗೊಂಡ್ಹೋಗಿ,” ಎಂದ, ಮಾಮನ ಗೊಣಗಾಟ ಕೇಳಿಸಿಕೊಂಡು, ಒಳಗೆ ಕಾಫಿ ಹೀರುತ್ತಿದ್ದ ಭಾವಮೈದುನ. “ನಾಲೆ ಪಕ್ಕ ಜಲ್ಲಿ ರಸ್ತೆ ಒಂದಿದೆ. ಕಾರಿಲ್ಲ, ಲಾರಿಯಿಲ್ಲ, ಹಾರ್ನಿಲ್ಲ. ಟಯರ್ ಕೆಳಗೆ ಕಲ್ಲು ಕರಕರ ಅನ್ನೋದು ಬಿಟ್ರೆ ಏನೂ ಕೇಳ್ಸಲ್ಲ.”

“ಜನ?”

“ಗಾಡಿನೇ ಇಲ್ಲ ಅಂದ್ಮೇಲೆ ಜನ ಎಲ್ಲಿಂದ ಬರ್ತಾರೆ ಭಾವ?”

“ಬಿದ್ದು ಮೊಣಕಾಲು ಒಡ್ಕೊಂಡ್ರೆ ಮುಲಾಮು ಯಾರು ಕೊಡ್ತಾರೆ? ನೀವೇ ತಾನೆ?” ಎಂದಳು ಹೆಂಡತಿ. ಆದರೂ ನೀರಿನ ಬಾಟಲಿ ತುಂಬಿಸಿ ಕೊಟ್ಟಳು.

ಭಾವಮೈದುನನ ಹೆಲ್ಮೆಟ್ಟು, ಮೈಗೆ ಅಂಟಿಕೊಳ್ಳುವ ಅವನ ಅಂಗಿ, ವೇಗ-ದೂರ ಅಳೆಯುವ ಪುಟ್ಟ ಯಂತ್ರ ಕೂರಿಸಿದ ಅವನ ಹ್ಯಾಂಡಲ್. ಮಾಮ ತುಂಬಿದ ದಿಂಬಿನಂತೆ ಕಂಡರೂ ಹುಮ್ಮಸ್ಸಿಗೆ ಕೊರತೆ ಇರಲಿಲ್ಲ. ಊರು ದಾಟಿ ನಾಲೆಯ ಏರಿ ಹತ್ತಿದ ಕೂಡಲೇ ಡಾಂಬರು ಮುಗಿದು ಜಲ್ಲಿ ಶುರುವಾಯಿತು. ಒಂದು ಕಡೆ ನೀರು, ಇನ್ನೊಂದು ಕಡೆ ಹೊಲ. ದಪ್ಪ ಟಯರು ಕಲ್ಲಿನ ಮೇಲೆ ಹಪ್ಪಳ ಮುರಿದಂತೆ ಸದ್ದು ಮಾಡುತ್ತ ಹೋಯಿತು. ಮಾಮ ಒಂದು ಹಾಡನ್ನೂ ಗುನುಗಿದ.

ಭಾವಮೈದುನನ ಲೆಕ್ಕಾಚಾರ ತಪ್ಪಿದ್ದು ಮೊದಲ ತಿರುವಿನಲ್ಲೇ ಗೊತ್ತಾಯಿತು. ಗಾಡಿ ಬಾರದ ರಸ್ತೆ ಹಳ್ಳಿಯವರಿಗೆ ರಸ್ತೆಯೇ ಅಲ್ಲ, ಮನೆಯಂಗಳ. ಒಬ್ಬರು ಮೆಕ್ಕೆಜೋಳ ಒಣಹಾಕಿದ್ದರು, ಇನ್ನೊಬ್ಬರು ಮಂಚವನ್ನೇ ತಂದು ನಡುರಸ್ತೆಯಲ್ಲಿ ಹಗ್ಗ ಬಿಗಿಯುತ್ತಿದ್ದರು. ಆಡು ಮೇಯಿಸುವವನೊಬ್ಬ ಕೋಲು ಅಡ್ಡ ಹಿಡಿದು ನಿಲ್ಲಿಸಿದ.

“ಎಲ್ಲಿಂದ ಬಂದ್ರಿ? ಏನ್ ಕೆಲ್ಸ ನಿಮ್ದು?”

ಔಷಧಿ ಅಂಗಡಿ ಎಂದರೆ ಈ ಮನುಷ್ಯ ತನ್ನ ಬೆನ್ನನ್ನೋ ಆಡಿನ ಹಲ್ಲನ್ನೋ ತೋರಿಸುವುದು ಖಂಡಿತ. ಮಾಮ ಕಣ್ಣು ಕೆಳಗೆ ಹಾಕಿದ. ಕಂಡದ್ದು ಜಲ್ಲಿ.

“ರಸ್ತೆ ಕೆಲ್ಸ,” ಎಂದುಬಿಟ್ಟ.

ಆಡಿನವನು ಹ್ಯಾಂಡಲ್ಲಿನ ಯಂತ್ರವನ್ನು ನೋಡಿದ, ಹೆಲ್ಮೆಟ್ಟನ್ನು ನೋಡಿದ, ಕೈಮುಗಿದು ದಾರಿ ಬಿಟ್ಟ. ಗೆದ್ದೆ ಎಂದುಕೊಂಡು ಮಾಮ ಪೆಡಲ್ ತುಳಿದ. ಆಡಿನವನ ಜೇಬಿನಲ್ಲಿ ಮೊಬೈಲು ಇದ್ದದ್ದು ಅವನಿಗೇನು ಗೊತ್ತು? ಮುಂದಿನ ತಿರುವು ತಲುಪುವುದರೊಳಗೆ ಅರ್ಧ ಹಳ್ಳಿ ರಸ್ತೆಯಲ್ಲಿತ್ತು; ಆಡಿನವನೂ ಆಡುಗಳ ಸಮೇತ ಹಿಂದೆಯೇ ಬಂದ. ಮುಂದೆ ನಿಂತವನು ಅಧ್ಯಕ್ಷ. ಯಾವ ಸಂಘಕ್ಕೂ ಅಧ್ಯಕ್ಷನಲ್ಲ. ಎಲ್ಲದಕ್ಕೂ ಮುಂದೆ ನಿಲ್ಲುತ್ತಾನೆಂದು ಜನ ಇಟ್ಟ ಹೆಸರು.

“ಎಷ್ಟು ವರ್ಷ ಆಯ್ತು ಸಾರ್, ಇಲಾಖೆಯವರ ಮುಖ ನೋಡಿ! ಇಳೀರಿ, ಇಳೀರಿ. ಮೊದಲು ಮೋರಿ ನೋಡ್ಬಿಡಿ.”

ಮಾಮ ಮೋರಿಗೆ ಇಳಿದ. ಒಂದು ಬೂಟು ಅಲ್ಲೇ ಉಳಿದುಕೊಂಡಿತು. ನಾಲ್ಕು ಜನ ಸೇರಿ ಎಳೆದಾಗ ಕಳ್ಳಿನ ಬುರುಡೆಯ ಬಿರಡೆ ಕಿತ್ತಂತೆ ಹೊರಬಂತು. ಆಮೇಲೆ ಗುಂಡಿಗಳ ಮೆರವಣಿಗೆ. ಎಮ್ಮೆ ಮಲಗುವ ಗುಂಡಿಯ ಮುಂದೆ ಅಧ್ಯಕ್ಷ ಕೇಳಿದ:

“ಇದಕ್ಕೇನ್ ಮಾಡೋಣ ಸಾರ್?”

ಇಷ್ಟು ವರ್ಷದ ಅಭ್ಯಾಸ ನಾಲಿಗೆಯನ್ನು ಬಿಡಲಿಲ್ಲ. “ದಿನಕ್ಕೆ ಎರಡು ಬುಟ್ಟಿ ಜಲ್ಲಿ ಹಾಕಿ. ಬೆಳಿಗ್ಗೆ ಒಂದು, ಸಂಜೆ ಒಂದು. ಕಡಿಮೆ ಆಗ್ಲಿಲ್ಲ ಅಂದ್ರೆ ಬಂದು ತೋರ್ಸಿ.”

ಜನ ಮುಖಮುಖ ನೋಡಿಕೊಂಡರು. “ದೊಡ್ಡ ಓದು ಓದಿದವರು. ಹಂಗೇ ಮಾತಾಡ್ತಾರೆ,” ಎಂದು ಅಧ್ಯಕ್ಷನೇ ಸಮಾಧಾನ ಮಾಡಿದ.

ಮರದ ಕೆಳಗೆ ಇನ್ನೊಂದು ಗುಂಪಿತ್ತು. ನಡುವೆ ಹಸಿರು ಹೆಲ್ಮೆಟ್ಟಿನ ಇನ್ನೊಬ್ಬ ಸೈಕಲ್ ಸವಾರ, ಬೋನಿಗೆ ಬಿದ್ದ ಇಲಿಯ ಮುಖ ಮಾಡಿಕೊಂಡು ಕೂತಿದ್ದ.

“ನಮ್ಮ ಔಷಧಿ ಅಂಗಡಿಯವರು,” ಅಧ್ಯಕ್ಷ ಹೆಮ್ಮೆಯಿಂದ ಪರಿಚಯಿಸಿದ. “ಪ್ರತಿ ಭಾನುವಾರ ಬರ್ತಾರೆ. ಏನ್ ಕೇಳಿದ್ರೂ ಬಿಸಿನೀರು ಕುಡೀರಿ ಅಂತಾರೆ. ಕೈಗುಣ ಚೆನ್ನಾಗಿದೆ.”

ಮಾಮನ ಕಿವಿ ನೆಟ್ಟಗಾಯಿತು. ಒಬ್ಬ ಮುದುಕ ಮಂಡಿ ತೋರಿಸಿದ. “ಮೇಲಿನ ಭಾರ ಜಾಸ್ತಿ ಆಗಿದೆ, ಕೆಳಗೊಂದು ಆಸರೆ ಕೊಡ್ಬೇಕು,” ಎಂದ ಹಸಿರು ಹೆಲ್ಮೆಟ್ಟು. ಯಾವ ಅಂಗಡಿಯವ ಹೀಗೆ ಮಾತಾಡುತ್ತಾನೆ? ಅಷ್ಟರಲ್ಲಿ ಅಜ್ಜಿಯೊಬ್ಬಳು ಎರಡು ಮಾತ್ರೆ ಪಟ್ಟಿ ಮುಂದೆ ಹಿಡಿದಳು.

“ಡಾಕ್ಟ್ರು ಬೆಳಿಗ್ಗೆ ಒಂದು, ರಾತ್ರಿ ಒಂದು ಅಂದಿದ್ರಪ್ಪ. ನಂಗೆ ಮರ್ತೋಗುತ್ತೆ. ಎರಡೂ ಒಟ್ಟಿಗೇ ನುಂಗ್ಲಾ?”

“ನುಂಗಿ ಅಜ್ಜಿ. ಬಿಸಿನೀರಲ್ಲಿ.”

ಮಾಮ ಪಟ್ಟಿಗಳನ್ನು ನೋಡಿದ. ಒಂದು ಥೈರಾಯ್ಡಿನದು, ಇನ್ನೊಂದು ಕ್ಯಾಲ್ಸಿಯಂ. ಸುಮ್ಮನಿದ್ದರೆ ಆ ಬೆಳಗು ಇನ್ನೂ ಉಳಿಯುತ್ತಿತ್ತು. ಇಲ್ಲಿಂದ ಜಾರಿಕೊಂಡು ನಾಲೆಯ ಏರಿಯ ಮೇಲೆ ಎಷ್ಟು ದೂರ ಬೇಕಾದರೂ ಹೋಗಬಹುದಿತ್ತು. ಆದರೆ ಬಾಯಿ ಕೇಳಬೇಕಲ್ಲ!

“ಬೇಡ ಅಜ್ಜಿ!” ಎಂದು ಕೂಗಿದ. “ಥೈರಾಯ್ಡ್ ಮಾತ್ರೆ ಬೆಳಿಗ್ಗೆ ಖಾಲಿ ಹೊಟ್ಟೇಲಿ. ಕ್ಯಾಲ್ಸಿಯಂ ನುಂಗೋಕೆ ಕನಿಷ್ಠ ನಾಲ್ಕು ಗಂಟೆ ಬಿಡ್ಬೇಕು. ಒಟ್ಟಿಗೆ ನುಂಗಿದ್ರೆ ಮೊದಲನೇದು ಮೈಗೇ ಹತ್ತಲ್ಲ!”

ಆಡುಗಳೂ ಮೇಯುವುದು ನಿಲ್ಲಿಸಿದವು.

“ರಸ್ತೆಯವರಿಗೆ ಮಾತ್ರೆ ವಿಷ್ಯ ಹೆಂಗ್ ಗೊತ್ತು?” ಎಂದ ಅಧ್ಯಕ್ಷ.

“ಯಾಕಂದ್ರೆ ಔಷಧಿ ಅಂಗಡಿಯವನು ನಾನು!”

“ಹಂಗಾದ್ರೆ ಆ ಗುಂಡಿಗೆ ದಿನಕ್ಕೆ ಎರಡು ಬುಟ್ಟಿ ಜಲ್ಲಿ ಅಂದಿದ್ದು?”

“ಏನು? ಎರಡು ಬುಟ್ಟಿನಾ?” ಹಸಿರು ಹೆಲ್ಮೆಟ್ಟು ಚೇಳು ಕುಟುಕಿದಂತೆ ಎದ್ದು ನಿಂತ. “ಯಾರ್ರೀ ಹೇಳಿದ್ದು? ಗುಂಡೀನ ಚೌಕವಾಗಿ ಕಡೀಬೇಕು. ಸಡಿಲ ಮಣ್ಣು ತೆಗೀಬೇಕು. ಪದರ ಪದರವಾಗಿ ತುಂಬಿ, ಒಂದೊಂದನ್ನೂ ಗಟ್ಟಿಯಾಗಿ ಗುದ್ದಿ ದಮ್ಮಸ್ಸು ಮಾಡ್ಬೇಕು!”

ಹೇಳಿ ಮುಗಿಸಿದ ಮೇಲೆ ತಾನೇನು ಹೇಳಿದೆ ಎಂಬುದು ಅವನಿಗೆ ಕೇಳಿಸಿತು. ಮೆಲ್ಲಗೆ ಕೂತುಕೊಂಡ. ತಡವಾಗಿತ್ತು. ಅಧ್ಯಕ್ಷನ ಮುಖದಲ್ಲಿ ದೀಪ ಹತ್ತಿತ್ತು.

“ಅಂದ್ರೆ ರಸ್ತೆ ಎಂಜಿನಿಯರು ನೀವು!”

ಅವನು ಹೆಲ್ಮೆಟ್ಟನ್ನು ಹುಬ್ಬಿನವರೆಗೆ ಎಳೆದುಕೊಂಡ. ಜನ ಜಾಗ ಬದಲಾಯಿಸಿಕೊಂಡರು: ಮಂಡಿ, ನಾಲಿಗೆ, ಕೆಮ್ಮುಗಳೆಲ್ಲ ಮಾಮನ ಕಡೆಗೆ, ಮೋರಿ, ಗುಂಡಿಗಳೆಲ್ಲ ಎಂಜಿನಿಯರನ ಕಡೆಗೆ. ಗದ್ದಲದ ನಡುವೆಯೇ ಎಂಜಿನಿಯರು ಮಾಮನ ಕಿವಿಯ ಹತ್ತಿರ ಬಾಗಿದ.

“ಏನ್ ಕೆಲ್ಸ ಮಾಡಿಬಿಟ್ರಿ ನೀವು!”

“ನಾನೇನ್ ಮಾಡ್ದೆ? ಅಜ್ಜಿ ಮಾತ್ರೆ ಸರಿ ಮಾಡ್ದೆ.”

“ಮದುವೆಗೆ ಹೋದ್ರೂ ಗುಂಡಿ ತೋರಿಸ್ತಾರೆ ಅಂತ ಇಲ್ಲಿ ಅಂಗಡಿಯವನ ವೇಷ ಹಾಕಿದ್ದೆ. ಸುತ್ತ ಎಲ್ಲ ಕಡೆ ಡಾಂಬರು ಬಿತ್ತು. ಈ ರಸ್ತೆಗೆ ಮಾತ್ರ ಬೀಳದ ಹಾಗೆ ನೋಡ್ಕೊಂಡವನು ನಾನು. ಭಾನುವಾರ ನೆಮ್ಮದಿಯಾಗಿ ಸೈಕಲ್ ಹೊಡೆಯೋಕೆ ಒಂದಾದ್ರೂ ಜಲ್ಲಿ ರಸ್ತೆ ಉಳೀಲಿ ಅಂತ. ಇನ್ನು ಇವರು ಬಿಡ್ತಾರಾ?”

ಬಿಡುವ ಲಕ್ಷಣ ಕಾಣಲಿಲ್ಲ. ಅಧ್ಯಕ್ಷ ಯಾರೋ ಹೊತ್ತು ತಂದ ಮಂಚದ ಮೇಲೆ ಹತ್ತಿ ನಿಂತಿದ್ದ.

“ಎಂಜಿನಿಯರ್ ಸಾಹೇಬ್ರು ಡಾಂಬರು ಹಾಕಿಸ್ತೀನಿ ಅಂತ ಮಾತು ಕೊಡದೆ ಇವತ್ತು ಸೈಕಲ್ ಹತ್ತಲ್ಲ!”

ಚಪ್ಪಾಳೆ ಬಿತ್ತು. ಎಂಜಿನಿಯರು ಸುತ್ತ ನಿಂತವರನ್ನು ನೋಡಿದ, ತನ್ನ ಸೈಕಲ್ ಹಿಡಿದುಕೊಂಡಿದ್ದ ಆಡಿನವನನ್ನು ನೋಡಿದ, ಆಗಲೆಂದು ತಲೆಯಾಡಿಸಿದ.

“ಬೇಡ, ಡಾಂಬರು ಬೇಡ! ಜಲ್ಲೀನೇ ಚೆನ್ನಾಗಿದೆ!” ಎಂದು ಮಾಮ ಬೇಡಿಕೊಂಡ.

“ನಿಮಗೋಸ್ಕರಾನೇ ಸಾರ್ ಇದೆಲ್ಲ,” ಎಂದ ಅಧ್ಯಕ್ಷ ಅವನ ಭುಜ ತಟ್ಟಿ. “ಡಾಂಬರು ಬಿದ್ರೆ ಬಸ್ಸು ಬರುತ್ತೆ. ನೀವ್ಯಾಕೆ ಇಷ್ಟು ದೂರ ತುಳ್ಕೊಂಡು ಬರ್ಬೇಕು? ಹಳ್ಳಿಗೆ ಹಳ್ಳೀನೇ ನಿಮ್ಮ ಹತ್ರ ಬರುತ್ತೆ. ಅಂಗಡಿ ಎಲ್ಲಿ ಅಂತ ಹೇಳ್ಬಿಡಿ, ಸಾಕು.”

ಮಾಮ ಬಾಯಿ ತೆರೆದ. ಸುಳ್ಳಿಗೆ ಇನ್ನೊಂದು ಊರಿನ ಹೆಸರು ತುಟಿಯವರೆಗೂ ಬಂದಿತ್ತು. ಅಷ್ಟರಲ್ಲಿ ಅಜ್ಜಿ ಸೆರಗಿನ ಗಂಟು ಬಿಚ್ಚಿ ಹಿಡಿ ತುಂಬ ಮಾತ್ರೆ ಅವನ ಮುಂದೆ ಸುರಿದಳು. ಕೆಂಪು, ಹಳದಿ, ನೀಲಿ, ಒಂದಕ್ಕೂ ಪಟ್ಟಿ ಇರಲಿಲ್ಲ.

“ಇವನ್ನೂ ಒಟ್ಟಿಗೇ ನುಂಗ್ತಾ ಇದ್ದೀನಪ್ಪ. ಪರವಾಗಿಲ್ವಾ?”

ಮಾಮ ಹೆಲ್ಮೆಟ್ಟು ತೆಗೆದು ಜಲ್ಲಿಯ ಮೇಲೆ ಕುಕ್ಕರಗಾಲಲ್ಲಿ ಕೂತ. ಮಾತ್ರೆಗಳನ್ನು ಬಣ್ಣದ ಪ್ರಕಾರ ಬೇರ್ಪಡಿಸುತ್ತಲೇ, ಬಸ್ ನಿಲ್ದಾಣದಿಂದ ತನ್ನ ಅಂಗಡಿಗೆ ಎಲ್ಲಿ ತಿರುಗಬೇಕು ಎಂಬುದನ್ನು ವಿವರಿಸತೊಡಗಿದ.