ಶೇಷಪ್ಪನ ಹೋಟೆಲಿನ ಹಸೆಗೋಡೆ

ಕೊಟ್ಟಿಗೆಹಾರದಲ್ಲಿ ಶೇಷಪ್ಪನ ಹೋಟೆಲಿನ ಎದುರು ಬಸ್ಸು ನಿಲ್ಲುತ್ತಲೇ ಇರಲಿಲ್ಲ. ಘಾಟಿ ಇಳಿಯುವ ಬಸ್ಸು ನೇರ ಮುಂದಿನ ತಿರುವಿನ ಹೋಟೆಲಿಗೇ ಹೋಗಿ ನಿಲ್ಲುತ್ತಿತ್ತು. ಹೀಗೇ ನಡೆದರೆ ಯುಗಾದಿಯೊಳಗೆ ಬಾಗಿಲು ಹಾಕಬೇಕಾದೀತೆಂದು ಹೆದರಿದ ಶೇಷಪ್ಪ ಒಂದು ಉಪಾಯ ಹೂಡಿದ. ರಸ್ತೆ ಕಡೆಯ ಬೋಳು ಗೋಡೆಗೆ ಏನಾದರೂ ಚೆಂದವಾಗಿ ಬರೆಯೆಂದು ಅಡುಗೆಯ ಗಿಡ್ಡಮ್ಮನಿಗೆ ಹೇಳಿ ಹಾಲು ತರಲು ಹೋದ.

ಗಿಡ್ಡಮ್ಮನಿಗೆ ಬರುತ್ತಿದ್ದುದು ಒಂದೇ ಚಿತ್ರ. ಮದುವೆಮನೆಯಲ್ಲಿ ಗಂಡುಹೆಣ್ಣು ಕೂರುವ ಗೋಡೆಗೆ ಬರೆಯುವ ಹಸೆ. ಕೆಮ್ಮಣ್ಣು ಬಳಿದು, ಅಕ್ಕಿಹಿಟ್ಟಿನಲ್ಲಿ ಅದನ್ನೇ ಬರೆದಳು.

ಮರಳಿ ಬಂದ ಶೇಷಪ್ಪ ಹಾಲಿನ ಚೊಂಬು ಹಿಡಿದೇ ನಿಂತುಬಿಟ್ಟ. ತಾನು ದಿನಾ ಎಲೆಅಡಿಕೆ ಉಗಿಯುತ್ತಿದ್ದ ಗೋಡೆ ಇದೇನಾ? ಗೆರೆಯೊಳಗೆ ಗೆರೆ, ನಡುವೆ ಪಲ್ಲಕ್ಕಿ, ಸುತ್ತ ಹಕ್ಕಿಗಳು. ಅವನ ಮೈ ಜುಮ್ಮೆಂದಿತು.

ಬಸ್ಸೂ ನಿಂತಿತು! ಆದರೆ ಹಸೆ ಬರೆದಿದೆಯೆಂದರೆ ಮದುವೆ ಇದೆಯೆಂದೇ ಲೆಕ್ಕ. ಬಸ್ಸಿನವರು ಇಳಿದರು, ಹತ್ತಿರದಲ್ಲಿದ್ದ ಬಿಳಿ ದೊರೆಯ ಕಾಫಿ ಎಸ್ಟೇಟಿನ ಆಳುಗಳು ಅಕ್ಕಿ, ತೆಂಗಿನಕಾಯಿ ಹಿಡಿದು ಬಂದರು. ಎರಡು ವರ್ಷದಿಂದ ಮಾತು ಬಿಟ್ಟಿದ್ದ ಇಬ್ಬರು ಮೇಸ್ತ್ರಿಗಳು ಒಂದೇ ಹಂಡೆಗೆ ನೀರು ಹೊತ್ತರು. ಮದುವೆಮನೆಯಲ್ಲಿ ಉಂಡದ್ದಕ್ಕೆ ದುಡ್ಡು ಕೊಡುವವರುಂಟೇ? ಮದುವೆಯಿಲ್ಲವೆಂದು ಶೇಷಪ್ಪ ಬಾಯಿ ತೆರೆದಾಗಲೆಲ್ಲ ಪಕ್ಕದ ಮನೆಯ ಅಂಜನಮ್ಮ, ನಾಚಿಕೆ ಸಾಕು, ಬಡಿಸು ನಡಿ ಎಂದು ಗದರಿದಳು. ಮಧ್ಯಾಹ್ನದ ಹೊತ್ತಿಗೆ ಉಗ್ರಾಣ ಖಾಲಿಯಾಯಿತು.

ಕೊನೆಗೆ ಊರಿನ ಹಿರಿಯ ಗುರುವಯ್ಯ ಗಂಡುಹೆಣ್ಣನ್ನು ಕರೆಸಲು ಹೇಳಿದ. ಶೇಷಪ್ಪ ಕೈ ಮುಗಿದ.

“ಮದುವೆನೇ ಇಲ್ಲ ಮಾರಾಯ್ರೆ. ಅದು ಬರೀ ಚಿತ್ರ.”

ಎಲ್ಲರೂ ಗುರುವಯ್ಯನ ಕಡೆ ತಿರುಗಿದರು.

“ಹಸೆ ಬರ್ದು ಯಾರನ್ನೂ ಕೂರಿಸ್ದೆ ಬಿಡೋಕಾಗುತ್ತೇನಪ್ಪಾ?” ಎಂದ ಗುರುವಯ್ಯ.

ನಲವತ್ತಾದರೂ ಹೆಣ್ಣು ಸಿಗದಿದ್ದ ಶೇಷಪ್ಪ ಮೆಲ್ಲಗೆ ಮೀಸೆ ನೇವರಿಸಿಕೊಂಡ. ಅಷ್ಟರಲ್ಲಿ ಗಿಡ್ಡಮ್ಮ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು. ಬಸ್ಸಿಳಿದು ಬಂದಿದ್ದ ಮಲ್ಲಂದೂರಿನ ಲಕ್ಕಯ್ಯನ ಪಕ್ಕ ನಿಂತಳು. ಅವನು ಅವಳಿಗೆ ಗೊತ್ತುಮಾಡಿದ್ದ ಗಂಡು.

“ಮದುವೆಗೆ ರಜೆ ಕೊಡಿ ಅಂತ ಮೂರ್ ಸಲ ಕೇಳ್ದೆ, ಶೇಷಪ್ಪಣ್ಣ ಕೊಡ್ಲಿಲ್ಲ” ಎಂದಳು. “ಈಗ ಅವ್ರೇ ಗೋಡೆ ಕೊಟ್ಟಿದಾರೆ.”

ಇಬ್ಬರೂ ಹಸೆಯ ಮುಂದೆ ಕೂತರು. ಹೆಸರೇ ಗೊತ್ತಿಲ್ಲದ ಅಷ್ಟೊಂದು ಜನ ಒಂದೇ ಮನೆಯವರಂತೆ ಅಕ್ಷತೆ ಹಾಕಿದರು. ನೋಡುತ್ತ ನೋಡುತ್ತ ಶೇಷಪ್ಪನ ಕಣ್ಣೂ ತುಂಬಿ ಬಂತು. ತಾನೂ ಎರಡು ಕಾಳು ಹಾಕಿದ.

ಮಾರನೆಯ ಬೆಳಿಗ್ಗೆ ಎರಡು ಬಸ್ಸು ಬಂದು ನಿಂತವು. ಜನ ಇಳಿದು ಬಾಯಿ ಬಿಟ್ಟುಕೊಂಡು ಗೋಡೆ ನೋಡಿದರು. ಆಮೇಲೆ ಕೈ ತೊಳೆದು ಸಾಲಾಗಿ ಒಳಗೆ ಕೂತು ಬಿಸಿಬಿಸಿ ರೊಟ್ಟಿ ಕೇಳಿದರು.

ಗಿಡ್ಡಮ್ಮ ಗಂಡನ ಜೊತೆ ಮಲ್ಲಂದೂರು ಸೇರಿಯಾಗಿತ್ತು. ಶೇಷಪ್ಪನಿಗೆ ಒಲೆ ಹಚ್ಚಲೂ ಬರುತ್ತಿರಲಿಲ್ಲ.