ಅಪ್ಪನ ಕೋಲಿಗೆ ಸರಿತೂಕ

“ಭಾನುವಾರ ನೋಡ್ತಿರು, ನನ್ನ ಏಟಿಗೆ ಬೀದಿಗೆ ಬೀದಿನೇ ಎದ್ದು ನಿಲ್ಬೇಕು!” ಎಂದು ತಕ್ಕಡಿ ಹೆಂಡತಿಯ ಮುಂದೆ ಘೋಷಿಸಿದ.

“ಬೀದಿ ಆಮೇಲೆ ಏಳ್ಲಿ, ಮೊದ್ಲು ನೀವು ಬೆಳಿಗ್ಗೆ ಏಳೋದು ಕಲೀರಿ” ಎಂದಳು ಆಕೆ, ಲೋಟ ಒರೆಸುತ್ತ.

ತಕ್ಕಡಿ ಎಂಬುದು ಬಿಸ್ಕತ್ತು ಕಾರ್ಖಾನೆಯವರು ಅವನಿಗೆ ಕೊಟ್ಟ ಬಿರುದು. ಪೊಟ್ಟಣಗಳ ತೂಕ ನೋಡುವುದು ಅವನ ಕೆಲಸ. ಎರಡು ಗ್ರಾಂ ಆಚೀಚೆಯಾದರೆ ಸಾಕು, ಪೊಟ್ಟಣವನ್ನು ಪಕ್ಕಕ್ಕೆಸೆದು, ಗಲ್ಲುಶಿಕ್ಷೆ ವಿಧಿಸಿದ ನ್ಯಾಯಾಧೀಶನಂತೆ ಗತ್ತಿನಿಂದ ಕೂರುತ್ತಿದ್ದ!

ಅವನ ಅಪ್ಪ ಊರಿನ ಬ್ಯಾಂಡಿನಲ್ಲಿ ಮೂವತ್ತು ವರ್ಷ ಎರಡು ಕೋಲಿನ ಸ್ನೇರ್ ಡ್ರಮ್ ಬಾರಿಸಿ, ಹೋದ ತಿಂಗಳು ತೀರಿಕೊಂಡಿದ್ದರು. ಅವರ ನೆನಪಿಗೆಂದು ಭಾನುವಾರ ಬ್ಯಾಂಡಿನವರು, ಹಬ್ಬಹಬ್ಬಕ್ಕೂ ಸಾಗುವ ಹಾಗೆ, ಇವರ ಮನೆ ಮುಂದೆ ಹಾದು ಹೋಗುವವರಿದ್ದರು. ಎಂಟು ಡ್ರಮ್ಮಿನ ಸಾಲಿನಲ್ಲಿ ಒಂದು ಜಾಗ ಖಾಲಿ. “ಆ ಒಂದು ದಿನ ಅವರ ಕೋಲಲ್ಲಿ ನೀನೇ ಬಾರಿಸಪ್ಪ” ಎಂದು ಬ್ಯಾಂಡ್ ಮಾಸ್ತರರು ಕೇಳಿಕೊಂಡಿದ್ದರು. ತಕ್ಕಡಿ ಹುಡುಗನಾಗಿದ್ದಾಗ ಅಪ್ಪನಿಂದಲೇ ಕಲಿತು, ಕೈಗೆ ಸಂಬಳ ಬಂದ ಮೇಲೆ ಕೈಬಿಟ್ಟಿದ್ದ ವಿದ್ಯೆ ಅದು.

ಶನಿವಾರ ಅಪ್ಪನ ಚೀಲ ಬಿಚ್ಚಿ ಕೋಲುಗಳನ್ನು ಕೈಗೆತ್ತಿಕೊಂಡ. ನಡೆಯುತ್ತ ಬಾರಿಸುವವರ ಕೋಲು ದಪ್ಪ. ಲಟ್ಟಣಿಗೆಯ ತಮ್ಮನ ಹಾಗೆ. ಆದರೆ ಎಡಗೈಯದು ಯಾಕೋ ಹಗುರ! ಅಡುಗೆಮನೆಯ ತೂಕದ ಯಂತ್ರ ಬಂತು. ಬಲ ಎಪ್ಪತ್ತೆಂಟು ಗ್ರಾಂ. ಎಡ ಎಪ್ಪತ್ತೆರಡು.

“ಆರು ಗ್ರಾಂ! ಪಾಪ, ಅಪ್ಪ ಇಂಥ ಮೋಸದ ಕೋಲಲ್ಲಿ ಬಾರಿಸ್ತಿದ್ರಲ್ಲೇ!”

“ಅವರೇ ಸುಮ್ಮನಿದ್ರು, ನೀವೂ ಸುಮ್ಮನಿರ್ಬಾರ್ದಾ?”

ಸುಮ್ಮನಿರುವುದು ತಕ್ಕಡಿಯ ಜಾತಕದಲ್ಲೇ ಇರಲಿಲ್ಲ. ಉಪ್ಪುಕಾಗದ ತಂದು ಬಲಗೋಲಿನ ಮುಂದಿನ ತುದಿಯನ್ನು ಉಜ್ಜಿದ. ಎಪ್ಪತ್ತೊಂದಕ್ಕೆ ಇಳಿಯಿತು. ಈಗ ಎಡ ಹೆಚ್ಚು! ಎಡವನ್ನು ಉಜ್ಜಿದ. ಅದು ಅರವತ್ತೊಂಬತ್ತಾಯಿತು. ಬಲ ಮತ್ತೆ ಹೆಚ್ಚು! ಒಂದರ ಮೇಲೊಂದು ತೀರ್ಪು ಕೊಡುತ್ತ ಕೊಡುತ್ತ ಮಧ್ಯಾಹ್ನದ ಹೊತ್ತಿಗೆ ನ್ಯಾಯ ಸಿಕ್ಕಿತು. ಎರಡೂ ಐವತ್ತೆಂಟು!

ಹೆಂಡತಿ ಇಣುಕಿದಳು. “ಏನ್ರೀ, ಡ್ರಮ್ ಬಾರಿಸೋಕಾ, ಹಲ್ಲು ಚುಚ್ಕೊಳ್ಳೋಕಾ?”

ಉತ್ತರವಾಗಿ ಮೂಲೆಯಲ್ಲಿದ್ದ ಅಪ್ಪನ ಡ್ರಮ್ಮಿಗೊಂದು ಏಟು ಕೊಟ್ಟ. ಬಿದ್ದ ಕೋಲು ಮೇಲೇಳಲಿಲ್ಲ. ತುದಿಯ ಭಾರವೇ ಕೋಲನ್ನು ಜೋರಾಗಿ ಕೆಳಗಿಳಿಸಿ ತಾನಾಗಿ ಪುಟಿಸುವುದು. ಆ ಭಾರವೀಗ ನೆಲದ ಮೇಲೆ ಪುಡಿಯಾಗಿ ಬಿದ್ದಿತ್ತು. ಇನ್ನು ಒಂದೊಂದು ಏಟನ್ನೂ, ನಿದ್ದೆಗಣ್ಣಿನ ಮಗುವನ್ನು ಶಾಲೆಗೆ ಎಬ್ಬಿಸಿದ ಹಾಗೆ, ಮಣಿಕಟ್ಟಿನಿಂದ ಎತ್ತಬೇಕು!

ಸದ್ದು ಕೇಳಿ ಅಮ್ಮ ಒಳಕೋಣೆಯಿಂದ ಬಂದಳು. ಎಡಗೋಲನ್ನು ಎತ್ತಿಕೊಂಡು ಬಹಳ ಹೊತ್ತು ಸವರಿದಳು.

“ಇದನ್ನ ಅವರೇ ಹಗುರ ಮಾಡ್ಕೊಂಡಿದ್ರು ಕಣೋ.”

“ಅವರೇನಾ?”

“ಎರಡು ವರ್ಷದಿಂದ ಎಡಗೈ ಸೋಲ್ತಿತ್ತು. ಗೊತ್ತಾದ್ರೆ ಸಾಲಿಂದ ತೆಗೀತಾರೆ ಅಂತ ಯಾರಿಗೂ ಹೇಳ್ಬೇಡ ಅಂದಿದ್ರು. ಹಿಡಿಯೋ ಕಡೆ ಒಂಚೂರು ಕೆರೆಯೋದು, ಬಾರಿಸಿ ನೋಡೋದು, ಮತ್ತೆ ಕೆರೆಯೋದು. ಎರಡು ಕೈ ಒಂದೇ ಕೈ ಅನ್ನಿಸ್ಬೇಕು, ಎಂಟು ಡ್ರಮ್ಮು ಒಂದೇ ಡ್ರಮ್ಮು ಅನ್ನಿಸ್ಬೇಕು, ಅಂತಿದ್ರು. ಆದ್ರೆ ಕೋಲಿನ ತಲೆ ಮಾತ್ರ ಮುಟ್ಟಿರ್ಲಿಲ್ಲ. ನೀನು ತಲೇನೇ ಬೋಳಿಸಿದೀಯಲ್ಲೋ.”

ಬೈದಿದ್ದರೆ ತಕ್ಕಡಿ ಬದುಕಿಕೊಳ್ಳುತ್ತಿದ್ದ. ಅವಳು ಬೈಯಲಿಲ್ಲ. ನೆಲದ ಮೇಲಿನ ಮರದ ಪುಡಿಯನ್ನು ಅಂಗೈಗೆ ಬಳಿದುಕೊಂಡು, ಎಲ್ಲಿ ಹಾಕಬೇಕೆಂದು ತೋಚದೆ ನಿಂತಳು.

ಎಡಗೈ ಸೋತ ಸಂಗತಿ, ಅದೇ ಮನೆಯಲ್ಲಿ ಉಂಡು ಮಲಗುತ್ತಿದ್ದ ಮಗನಿಗೆ ತಿಳಿದಿರಲಿಲ್ಲ. ಎರಡು ಗ್ರಾಂ ವ್ಯತ್ಯಾಸ ಹಿಡಿಯುವ ಮಹಾನುಭಾವ!

ಸಂಜೆ ಕೋಲಿನ ತುದಿಗೆ ಟೇಪು ಸುತ್ತಿದ. ಸುತ್ತಿ ಸುತ್ತಿ ಬಲಕ್ಕೆ ಎಪ್ಪತ್ತೆಂಟು, ಎಡಕ್ಕೆ ಎಪ್ಪತ್ತೆರಡು, ಗುಲಗಂಜಿಯಷ್ಟೂ ಹೆಚ್ಚುಕಡಿಮೆಯಿಲ್ಲದೆ ತೂಕ ತಂದ. ತೂಕ ಬಂತು, ಪುಟಿತ ಬರಲಿಲ್ಲ. ಟೇಪು ಏಟನ್ನೆಲ್ಲ ತಾನೇ ನುಂಗಿ, ಹಾಸಿಗೆ ಕೊಡವಿದ ಸದ್ದು ಮಾಡಿತು.

ಭಾನುವಾರ ಬ್ಯಾಂಡ್ ಮಾಸ್ತರರು ಟೇಪು ಸುತ್ತಿದ ಕೋಲುಗಳನ್ನು ನೋಡಿ ಬೆಚ್ಚಿದರು. “ಏನಯ್ಯಾ, ಇವಕ್ಕೇನು ಅಪಘಾತ ಆಯ್ತಾ?”

“ನಾನೇ ಸಾರ್, ಅಪಘಾತ.”

“ಬೇರೆ ಜೋಡಿ ಕೊಡ್ಲಾ?”

“ಬೇಡ ಸಾರ್. ಅಪ್ಪಂದೇ ಇರ್ಲಿ.”

ಏಳು ಜನರ ಕೋಲುಗಳು ನೀರು ಹರಿದಂತೆ ಏಳುತ್ತ ಬೀಳುತ್ತಿದ್ದವು. ಎಂಟನೆಯವನದು ಕೂದಲೆಳೆಯಷ್ಟು ತಡ. ಮನೆಯ ಗೇಟು ಹತ್ತಿರವಾಯಿತು. ಅಲ್ಲಿ ಅಮ್ಮ, ಪಕ್ಕದಲ್ಲಿ ಹೆಂಡತಿ. ಇಲ್ಲೊಂದು ಕಡೆಯಾದರೂ ಮಾನ ಉಳಿಯಲಿ ಎಂದು ತಕ್ಕಡಿ ಭುಜದ ಬಲವನ್ನೆಲ್ಲ ಸುರಿದು ಬಾರಿಸಿದ. ಕಣ್ಣಿನಿಂದ ಇಳಿದದ್ದು ಬೆವರೆಂದೇ ಅವನ ಹೇಳಿಕೆ.

ಮರಳಿ ಬಂದಾಗ ಹೆಂಡತಿ ಓಡಿಬಂದಳು. ಮದುವೆಯಾದ ಮೇಲೆ ಮೊದಲ ಸಲ ಅವಳ ಬಾಯಿಂದ ಹೊಗಳಿಕೆ ಉದುರಿತು! “ರೀ, ಎಂಟು ಡ್ರಮ್ಮಲ್ಲೂ ನಿಮ್ದೊಂದೇ ಬೇರೆಯಾಗಿ ಕೇಳಿಸ್ತು! ಕಣ್ಮುಚ್ಕೊಂಡ್ರೂ ನೀವೇ ಅಂತ ಗೊತ್ತಾಗ್ತಿತ್ತು!”

ತಕ್ಕಡಿಯ ಎದೆ ಅರ್ಧ ಅಂಗುಲ ಉಬ್ಬಿತು. ಅಮ್ಮನ ಕಡೆ ತಿರುಗಿದ.

“ಹೌದಪ್ಪ, ನಂಗೂ ಕೇಳಿಸ್ತು” ಎಂದಳು ಅಮ್ಮ, ಅವನ ಊದಿದ ಮಣಿಕಟ್ಟನ್ನು ತಿಕ್ಕುತ್ತ. “ಮೂವತ್ತು ವರ್ಷ ಈ ಗೇಟಲ್ಲೇ ನಿಂತು ಕಿವಿಗೊಟ್ಟಿದೀನಿ ಕಣೋ. ನಿಮ್ಮಪ್ಪಂದು ಒಂದ್ಸಲಾನೂ ಬೇರೆಯಾಗಿ ಕೇಳಿಸ್ಲಿಲ್ಲ.”